ಭಾಗ್‌ಭರಿ ಮರೆತಿಲ್ಲ, ನಿಮಗೆ ಸರಾಯ್ಕಿ ಬರುವುದಿಲ್ಲ

ಭಾಷಾ ಸೇವೆಗಳ ಮಾನ್ಯ ನಿರ್ದೇಶಕರೇ,

ನಿಮ್ಮ ಪುನರ್ವಸತಿ ಕೇಂದ್ರದ ಮೇಲಿನ ಮಹಡಿಯಲ್ಲಿ, ನಂಬರ್ ಒತ್ತಿದರೆ ಮಾತ್ರ ತೆರೆಯುವ ಬಾಗಿಲಿನ ಆಚೆ, ಒಬ್ಬ ಹೆಂಗಸನ್ನು ಕೂಡಿಹಾಕಿದ್ದೀರಿ. ಆಕೆಯ ಹೆಸರು ಭಾಗ್‌ಭರಿ ಮಾಈ. ಆಕೆ ಮಾಡಿದ ಅಪರಾಧವೆಂದರೆ ಕೇಳಿದ ಪ್ರಶ್ನೆಗೆ ತನಗೆ ಬರುವ ಭಾಷೆಯಲ್ಲಿ ಉತ್ತರ ಕೊಟ್ಟದ್ದು. ಆ ಭಾಷೆ ಸರಾಯ್ಕಿ. ನಿಮ್ಮ ಕಂಪ್ಯೂಟರಿನಲ್ಲಿ ಆ ಹೆಸರು ಇಲ್ಲ. ಇಲ್ಲದ್ದರಿಂದ ಪಂಜಾಬಿ ಎಂದು ಒತ್ತಿದಿರಿ. ಪಂಜಾಬಿಯವರಿಗೆ ತಿಳಿಯದ್ದನ್ನೆಲ್ಲ ಆಕೆಗೆ ತಿಳಿಯದು ಎಂದು ಬರೆದುಕೊಂಡಿರಿ. ಕೊನೆಗೆ ಆಕೆಗೆ ಮರೆವಿನ ರೋಗ ಎಂದು ತೀರ್ಪು ಕೊಟ್ಟಿರಿ. ಸೊಂಟದ ಮೂಳೆ ಮುರಿದುಕೊಂಡು ಬಂದವಳು ಮತ್ತೆ ನಡೆಯುವುದನ್ನು ಕಲಿತು ಮನೆಗೆ ಹೋಗಬೇಕಿತ್ತು. ನಡೆಯುವುದನ್ನು ಕಲಿತಳು. ಮನೆಗೆ ಬಿಡಲಿಲ್ಲ. ಬರುವ ಶುಕ್ರವಾರ ಆಕೆಯ ಮಗ ತನ್ನ ತಾಯಿಯನ್ನು ಕಾಯಂ ಆಗಿ ಆ ಬಾಗಿಲಿನ ಆಚೆಯೇ ಬಿಡಲು ಸಹಿ ಹಾಕಲಿದ್ದಾನೆ. ಅದಕ್ಕೆ ಮುಂಚೆ ಈ ಬಹಿರಂಗ ಪತ್ರ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇಕೆಂದೇ. ನಾನು ಇಂಗ್ಲಿಷಿನಲ್ಲಿ ಬರೆದ ದೂರಿಗೆ ನಿಮ್ಮ ಕಚೇರಿ ಎಂಥ ಉತ್ತರ ಕೊಟ್ಟಿತೆಂಬುದನ್ನು ಮುಂದೆ ಹೇಳುತ್ತೇನೆ. ಈ ಸಲ ಅನುವಾದಕರನ್ನು ಹುಡುಕುವ ಕಷ್ಟ ನಿಮಗಿರಲಿ. ಯಾರನ್ನು ಕರೆಸುತ್ತೀರಿ? ತೆಲುಗಿನವರನ್ನೇ? ಅಕ್ಷರಗಳೇನೋ ಅಕ್ಕತಂಗಿಯರ ಹಾಗೆ ಕಾಣುತ್ತವೆ. ತಮಿಳಿನವರನ್ನೇ? ಪಕ್ಕದ ರಾಜ್ಯದವರು ತಾನೇ! ಅಥವಾ ಇಂಡಿಯಾದಿಂದ ಬಂದವರೆಲ್ಲರಿಗೂ ಹಿಂದಿಯೊಂದು ಸಾಕೆಂದು ಹಿಂದಿಯವರನ್ನೇ? ಯಾರನ್ನು ಬೇಕಾದರೂ ಕರೆಸಿ. ಅವರು ಓದಲಾರದೆ ತಡವರಿಸಿದಾಗ ಮಾತ್ರ ಬರೆದವಳಿಗೆ ತಲೆ ಸರಿಯಿಲ್ಲವೆಂದು ಗುರುತು ಹಾಕಬೇಡಿ.

ನಾನು ಭಾಗ್‌ಭರಿಯ ಸಂಬಂಧಿಕಳಲ್ಲ. ನಾವಿಬ್ಬರೂ ಬಂದು ನೆಲೆಸಿದ ಈ ಪರದೇಶದಲ್ಲಿ, ಫ್ಲೋರಲ್ ಪಾರ್ಕಿನಲ್ಲಿ, ನಮ್ಮದೂ ಅವರದೂ ಒತ್ತಿಕೊಂಡ ಮನೆಗಳು, ನಡುವೆ ಒಂದೇ ಗೋಡೆ. ಹಿಲ್‌ಸೈಡ್ ಅವೆನ್ಯೂದ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದಾಗ ಪರಿಚಯವಾದದ್ದು. ಆಕೆ ಪಾಕಿಸ್ತಾನದ ಲೈಯಾ ಕಡೆಯವಳು. ಒಂದು ಮಗ್ಗುಲಿಗೆ ಸಿಂಧೂ ನದಿ, ಇನ್ನೊಂದು ಮಗ್ಗುಲಿಗೆ ಥಲ್ ಎಂಬ ಮರಳುಗಾಡು. ತವರಿನಲ್ಲಿ ಒಂಟೆ ಸಾಕುತ್ತಿದ್ದರು. ನಾನು ಗದಗಿನ ಕಡೆಯವಳು. ಆಕೆಯದು ಮುರುಕು ಉರ್ದು, ನನ್ನದು ಹುಬ್ಬಳ್ಳಿ ಸಂತೆಯಲ್ಲಿ ಕಲಿತ ಹಿಂದಿ. ಎರಡೂ ಕೂಡಿದರೆ ಒಂದು ಭಾಷೆಯೂ ಪೂರ್ತಿಯಾಗುವುದಿಲ್ಲ, ಆದರೆ ಒಂದು ಸಂಜೆ ಪೂರ್ತಿಯಾಗುತ್ತದೆ. ಆಕೆಯ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿಯೇ ಕೊಡುತ್ತೇನೆ. ಬೆಂಗಳೂರಿನ ನುಣ್ಣನೆಯ ಕನ್ನಡ ಆ ಬಾಯಿಗೆ ಒಗ್ಗುವುದಿಲ್ಲ.

ಹೋದ ಬೇಸಿಗೆಯಲ್ಲಿ, ಆಕೆ ಇನ್ನೂ ಬಿದ್ದಿರಲಿಲ್ಲ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆವು. ನಾನು ಒಳಗಿದ್ದ ನನ್ನ ಗಂಡನನ್ನು ಹೆಸರು ಹಿಡಿದು ಕೂಗಿದೆ. ಆಕೆ ಬೆಚ್ಚಿಬಿದ್ದು, ಬೋಛಣ ಎಂದು ತಾನು ಕರೆಯುವ ತಲೆಬಟ್ಟೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಹಂಗ ಬೀದಿಯಾಗ ಕುಂತು ಗಂಡನ ಹೆಸರು ಒದರ್ತೀಯಲ್ಲ, ನಾಚಿಕಿ ಬರಂಗಿಲ್ಲ ನಿನಗ?"

"ನಮ್ಮವ್ವನ ಕಾಲದಾಗ ನಮ್ಮಲ್ಲೂ ಹೇಳ್ತಿದ್ದಿಲ್ಲ. ಮದುವ್ಯಾಗ ಎಲ್ಲಾರೂ ಗಂಟುಬಿದ್ದು ಕೇಳಿದ್ರ ಒಡಪಿನಾಗ ಮುಚ್ಚಿ ಹೇಳ್ತಿದ್ರು."

"ಅದೆಂಥಾದ್ದು ಒಡಪು?"

ನಾನು ನನ್ನ ಮದುವೆಯಲ್ಲಿ ಹೇಳಿದ್ದನ್ನೇ ಹೇಳಿದೆ: "ಸಂತಿಂದ ತಂದೀನಿ ಬ್ಯಾಡಗಿ ಮೆಣಸಿನಕಾಯಿ, ಅಡಿವೆಪ್ಪ ಅಂದ್ರ ಸಾಕು ಮುಚ್ಚತೈತಿ ನಮ್ಮತ್ತಿ ಬಾಯಿ." ಅದನ್ನು ಹಿಂದಿಗೆ ತಂದು ಹೇಳುವಷ್ಟರಲ್ಲಿ ಮೆಣಸಿನಕಾಯಿಯ ಖಾರವೆಲ್ಲ ಹೋಗಿತ್ತು. ಆದರೂ ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬಾಗಿಲಿಗೆ ಬಂದ ನಮ್ಮ ಯಜಮಾನರು, "ಏನ್ ನಡದೈತಿ? ನನ್ನ ಮರ್ಯಾದಿ ಹರಾಜ್ ಹಾಕಾಕತ್ತೀರೇನು?" ಎಂದರು. ಆಕೆ ಇನ್ನೂ ನಕ್ಕಳು.

"ನೀ ನಿನ್ನ ಗಂಡಗ ಏನಂತ ಕರೀತಿದ್ದಿ?" ಎಂದು ಕೇಳಿದೆ.

"ಮುರೀದ್ ದಾ ಪೀಯೂ." ಮುರೀದನ ಅಪ್ಪ ಎಂದರ್ಥ. ಮುರೀದ್ ಆಕೆಯ ಒಬ್ಬನೇ ಮಗ.

"ಮುರೀದ್ ಹುಟ್ಟೋಕಿಂತ ಮೊದ್ಲು?"

"ಕೆಮ್ಮತಿದ್ದೆ."

ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆತ ಬದುಕಿದ್ದಾಗಲೂ, ಸತ್ತ ಮೇಲೂ ಆತನ ಹೆಸರು ಆಕೆಯ ನಾಲಿಗೆಯ ಮೇಲೆ ಬಂದಿರಲಿಲ್ಲ. ಅದು ಭಯವೋ, ಗುಲಾಮಗಿರಿಯೋ, ಪ್ರೀತಿಯೋ? ಚಳವಳಿಯಲ್ಲಿ ಬೆಳೆದ ನಾನು ಅದರ ಮೇಲೆ ಒಂದು ಗಂಟೆ ಭಾಷಣ ಮಾಡಬಲ್ಲೆ. ಆಕೆಯ ಮುಂದೆಯೇ ಮಾಡಿ ಬೈಸಿಕೊಂಡೂ ಇದ್ದೇನೆ. ಆದರೆ ಅದು ಮರೆವಲ್ಲ ನಿರ್ದೇಶಕರೇ. ಮರೆತವರಿಗೆ ಹೆಸರನ್ನು ಬಾಯೊಳಗೆ ಹಿಡಿದಿಟ್ಟುಕೊಳ್ಳುವ ಕಷ್ಟವಿರುವುದಿಲ್ಲ.

ಈಗ ನಿಮ್ಮ ಪರೀಕ್ಷೆಗೆ ಬರೋಣ. ನಾನು ಆ ಕೋಣೆಯ ಮೂಲೆಯಲ್ಲಿದ್ದೆ. ಮಗನಿಗೆ ಕೆಲಸವಿತ್ತು, ಪರಿಚಯದವಳೆಂದು ನನ್ನನ್ನು ಕೂರಿಸಿದ್ದರು, ಮಾತಾಡಬಾರದೆಂಬ ಷರತ್ತಿನೊಂದಿಗೆ. ಪರೀಕ್ಷೆ ಮಾಡುವ ಹುಡುಗಿ ಒಳ್ಳೆಯವಳು, ಮೆತ್ತಗೆ ಮಾತಾಡುವವಳು. ಮೇಜಿನ ಮೇಲೆ ಫೋನು; ಅದರೊಳಗೆ, ಇನ್ನಾವುದೋ ರಾಜ್ಯದಲ್ಲಿ ಕೂತಿದ್ದ ಪಂಜಾಬಿ ದುಭಾಷಿ. ಅವರಿಗೆ ಹೆಸರಿಲ್ಲ, ಒಂದು ನಂಬರ್ ಮಾತ್ರ. ಅವರೂ ಪ್ರಾಮಾಣಿಕರು. ಶುರುವಿನಲ್ಲೇ, "ಇವರ ಮಾತು ಬೇರೆ ಥರ ಇದೆ, ನನಗೆ ಪೂರ್ತಿ ಹತ್ತುತ್ತಿಲ್ಲ" ಎಂದರು. ನಿಮ್ಮ ಹುಡುಗಿ, "ಪರವಾಗಿಲ್ಲ, ನಿಮ್ಮ ಕೈಲಾದಷ್ಟು ಮಾಡಿ" ಎಂದಳು. ಒಬ್ಬ ಹೆಂಗಸಿನ ಉಳಿದ ಆಯುಷ್ಯ ಆ ಕೈಲಾದಷ್ಟರ ಮೇಲೆ ನಿಂತಿತು.

"ನಿಮ್ಮ ಗಂಡನ ಹೆಸರೇನು?"

ಬೋಛಣ ಬಾಯಿಗೆ ಬಂತು. "ಮುರೀದ್ ದಾ ಪೀಯೂ."

ಫೋನು ಹೇಳಿತು: "ಮುರೀದನ ತಂದೆ."

"ಸರಿ, ಹೆಸರು ಹೇಳಿ."

ಆಕೆ ನನ್ನ ಕಡೆ ನೋಡಿದಳು. ಈ ಹುಡುಗಿಗೆ ಸ್ವಲ್ಪವೂ ಬುದ್ಧಿಯಿಲ್ಲವಲ್ಲ ಎಂಬಂತೆ ಕಣ್ಣಲ್ಲೇ ನಕ್ಕಳು. ನಾನೂ ನಕ್ಕೆ. ಹುಡುಗಿ ಇನ್ನೊಮ್ಮೆ ಕೇಳಿದಳು. ಆಕೆ ಕೆಮ್ಮಿದಳು. ಹುಡುಗಿ ಮುಂದಿದ್ದ ಪರದೆಯ ಮೇಲೆ ಬೆರಳಿಟ್ಟಳು. ಗಂಡನ ಹೆಸರು ನೆನಪಿಲ್ಲ. ಕೇಳಿದರೆ ಮಗನ ಹೆಸರು ಹೇಳುತ್ತಾರೆ. ಗಂಡ ಯಾರು, ಮಗ ಯಾರು ಎಂಬ ಗೊಂದಲ. ಇದು ನಿಮ್ಮ ದಾಖಲೆಯಲ್ಲಿರುವ ಮಾತು.

ಆಮೇಲೆ, ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರು. ಆಕೆಯ ಮುಖ ಅರಳಿತು. ಇಷ್ಟು ದಿನದಲ್ಲಿ ಮೊದಲ ಸಲ ತನಗೆ ಗೊತ್ತಿರುವುದನ್ನು ಯಾರೋ ಕೇಳಿದ್ದರು. ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದಳು: ಡಾಚಿ, ತೋಡಾ, ಮಜಾತ್, ತ್ರಿಹಾಣ್, ಛತ್ರ್. ಮೆಟ್ಟಿಲ ಮೇಲೆ ಕೂತು ನನಗೆ ಕಲಿಸಿದ ಹೆಸರುಗಳೇ. ಡಾಚಿ ಎಂದರೆ ಹೆಣ್ಣು, ತೋಡಾ ಎಂದರೆ ಹಾಲು ಕುಡಿಯುವ ಮರಿ, ಮಿಕ್ಕವು ಬೆಳೆಯುವ ಒಂಟೆಗೆ ವರ್ಷ ಬದಲಾದಂತೆ ಬದಲಾಗುವ ಹೆಸರುಗಳು. ಫೋನಿನಿಂದ ಬಂದದ್ದು: "ಒಂಟೆ. ಮರಿ ಒಂಟೆ. ಇದೂ ಒಂಟೆ ಅಂತ ಕಾಣುತ್ತೆ. ಇದು ಗೊತ್ತಾಗಲಿಲ್ಲ. ಮತ್ತೆ ಒಂಟೆ." ಹುಡುಗಿ ಬರೆದುಕೊಂಡಳು: ಒಂದೇ ಉತ್ತರವನ್ನು ಮತ್ತೆ ಮತ್ತೆ ಹೇಳುತ್ತಾರೆ.

ನಾನು ಎದ್ದು ನಿಂತೆ. "ಅವು ಬೇರೆ ಬೇರೆ!" ಎಂದೆ. "ಮ್ಯಾಮ್, ದಯವಿಟ್ಟು ಸುಳಿವು ಕೊಡಬೇಡಿ" ಎಂದಳು. ಸುಳಿವಂತೆ! ನಾಳೆ ನನ್ನನ್ನು ಕೂರಿಸಿ ಪ್ರಾಣಿಗಳ ಹೆಸರು ಕೇಳಿದರೆ ನಾನು ಕರು, ಮಣಕ, ಕಡಸು, ಹೋರಿ, ಎತ್ತು, ಗೂಳಿ ಎನ್ನುತ್ತೇನೆ. ನಿಮ್ಮ ಫೋನು ದನ, ದನ, ದನ ಎನ್ನುತ್ತದೆ. ನನಗೂ ಆ ಬಾಗಿಲೇ ಗತಿಯೆ? ಇದನ್ನೇ ಗಟ್ಟಿಯಾಗಿ ಕೇಳಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚುವಾಗಲೂ ಆಕೆ ಒಂಟೆಗಳ ಹೆಸರು ಹೇಳುತ್ತಲೇ ಇದ್ದಳು, ಹುಮ್ಮಸ್ಸಿನಿಂದ.

ಸರಾಯ್ಕಿ ಎಂದರೆ ಪಂಜಾಬಿಯೇ ಅಲ್ಲವೇ ಎನ್ನುತ್ತೀರಿ. ಮುಲ್ತಾನ್, ಬಹಾವಲ್‌ಪುರ, ಡೇರಾ ಗಾಜಿ ಖಾನ್ ಸುತ್ತಮುತ್ತ ಕೋಟಿಗಟ್ಟಲೆ ಜನ ಆಡುವ ಮಾತು ಅದು. ಊರೂರಿಗೂ ಬೇರೆ ಹೆಸರಿತ್ತು: ಮುಲ್ತಾನಿ, ರಿಯಾಸತಿ, ಡೇರೆವಾಲಿ, ಥಲೋಚಿ. ಅರವತ್ತರ ದಶಕದಲ್ಲಿ ಅಲ್ಲಿನ ಬರಹಗಾರರು, ಕಾರ್ಯಕರ್ತರು ಕೂತು, ನಮ್ಮದೆಲ್ಲ ಒಂದೇ ಮಾತು, ಒಂದೇ ಹೆಸರಿರಲಿ ಎಂದರು. ಪೂರ್ವಕ್ಕೆ ಪಂಜಾಬಿ, ದಕ್ಷಿಣಕ್ಕೆ ಸಿಂಧಿ, ಪಶ್ಚಿಮಕ್ಕೆ ಬಲೂಚಿ, ಉತ್ತರಕ್ಕೆ ಹೋದರೆ ಪಷ್ತೊ, ತಲೆಯ ಮೇಲೆ ಉರ್ದು. ಪಂಜಾಬಿಯೊಂದಿಗೆ ಹಂಚಿಕೊಂಡ ಪದಗಳು ರಾಶಿ ಇವೆ. ಸಿಂಧಿಯೊಂದಿಗೆ ಹಂಚಿಕೊಂಡ, ಉಸಿರನ್ನು ಒಳಕ್ಕೆಳೆದು ಆಡುವ ಧ್ವನಿಗಳೂ ಇವೆ. ನಾನು ತಿಂಗಳುಗಟ್ಟಲೆ ಪ್ರಯತ್ನಪಟ್ಟೆ, ಬಿಕ್ಕಳಿಕೆ ಬಂತೇ ಹೊರತು ಧ್ವನಿ ಬರಲಿಲ್ಲ. ವಿದ್ವಾಂಸರು ಜಗಳವಾಡುತ್ತಾರೆ. ಪಂಜಾಬಿಯ ಕೊಂಬೆ ಎಂದು ಕೆಲವರು, ಸಿಂಧಿಗೆ ಹತ್ತಿರವೆಂದು ಕೆಲವರು, ಸ್ವತಂತ್ರವೆಂದು ಕೆಲವರು. ಆಡಲಿ, ಅದು ಅವರ ಉದ್ಯೋಗ. ನಾನು ಕೇಳುವುದು ಬೇರೆ. ನಿನ್ನ ಮನೆ ನನ್ನ ಮನೆಯ ಹಿತ್ತಲು ಎಂದು ಹೇಳುವವರು ಯಾವಾಗಲೂ ದೊಡ್ಡ ಮನೆಯವರೇ ಯಾಕೆ? ಹಿತ್ತಲಿನಲ್ಲಿರುವವರನ್ನು ಯಾರಾದರೂ ಒಮ್ಮೆ ಕೇಳಿದ್ದಾರೆಯೆ?

ಪಂಜಾಬಿ ನನಗೆ ಶತ್ರುವಲ್ಲ. ಪಾಕಿಸ್ತಾನದಲ್ಲಿ ಆ ಭಾಷೆಯೇ ಉರ್ದುವಿನ ಮುಂದೆ ತಲೆತಗ್ಗಿಸಿ ನಿಂತಿದೆ, ಪಾಪ. ಹಾಗೆ ನಿಂತದ್ದರ ಸಿಟ್ಟನ್ನು ಸರಾಯ್ಕಿಯ ಮುಂದೆ ತಲೆಯೆತ್ತಿ ತೀರಿಸಿಕೊಳ್ಳುತ್ತದೆ. ಬಯ್ಯುವುದೂ ಇಲ್ಲ, ಹೊಗಳಿ ಹೊಸಕುತ್ತಾರೆ. ಎಷ್ಟು ಸಿಹಿಯಾದ ಮಾತು ನಿಮ್ಮದು ಎನ್ನುತ್ತಾರೆ. ಭಾಗ್‌ಭರಿ ಇದಕ್ಕೆ ಹೇಳಿದ ಮಾತು ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಲು ಯೋಗ್ಯ: "ಸಿಹಿ ಮಾತು ಅಂತಾರ. ಮಿಠಾಯಿ ಅಂಗಡ್ಯಾಗ ಇಡಾಕ ಬರತೈತಿ, ಕಚೇರಿಯಾಗ ನಡಿಯಂಗಿಲ್ಲ."

ಜೆರಿಕೋದಲ್ಲೋ ಹೋಬೋಕನ್‌ನಲ್ಲೋ ಕೂತು ಇದನ್ನೋದುತ್ತ ನಗುತ್ತಿರುವ ನನ್ನ ಕನ್ನಡ ಬಂಧುಗಳೇ, ನಿಮಗೂ ಒಂದು ಮಾತಿದೆ. ಎಂಬತ್ತರ ದಶಕದಲ್ಲಿ ಕನ್ನಡಕ್ಕಾಗಿ ಹುಬ್ಬಳ್ಳಿಯ ರಸ್ತೆಯಲ್ಲಿ ಲಾಠಿ ತಿಂದವಳು ನಾನು. ದೆಹಲಿಯ ಮುಂದೆ ಎದೆ ಸೆಟೆಸುವ ನಾವು, ತುಳುವಿನವರು ತಮ್ಮ ಭಾಷೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂದು ಕೇಳಿದಾಗ ನೋಡೋಣ ಎನ್ನುತ್ತೇವೆ. ಲಂಬಾಣಿಯನ್ನು ಭಾಷೆ ಎನ್ನಲು ನಾಲಿಗೆ ಹೊರಳುವುದಿಲ್ಲ. ನಮ್ಮ ಗದಗು, ಬಾಗಲಕೋಟೆಯ ಮಾತನ್ನು ನಾಟಕದ ಹಾಸ್ಯಪಾತ್ರಕ್ಕೆ ಮೀಸಲಿಟ್ಟಿದ್ದೇವೆ. ಈ ರೋಗ ನಿರ್ದೇಶಕರೊಬ್ಬರದೇ ಅಲ್ಲ. ಅವರಿಗೆ ಅದು ಕೆಲಸವಾಗಿ ಬಂದಿದೆ, ನಮಗೆ ಸಂಸ್ಕಾರವಾಗಿ ಬಂದಿದೆ.

ನಿಮ್ಮ ಕೇಂದ್ರದಲ್ಲಿ ರೋಗಿಗಳ ವ್ಯವಸ್ಥೆ ನೋಡಿಕೊಳ್ಳುವವಳು ಸ್ಮಿತಾ, ನಮ್ಮವಳೇ, ಮೈಸೂರಿನವಳು. ಪರೀಕ್ಷೆಯಾದ ಮರುದಿನ ಅವಳ ಬಳಿ ಹೋದೆ. ಕಾಫಿ ಕೊಟ್ಟಳು.

"ಆಂಟಿ, ನಾನೂ ಡ್ರಾಪ್‌ಡೌನ್ ಪೂರ್ತಿ ಚೆಕ್ ಮಾಡ್ದೆ. ಸರಾಯ್ಕಿ ಅಂತ ಇಲ್ವೇ ಇಲ್ಲ. ಕ್ಲೋಸೆಸ್ಟ್ ಅಂದ್ರೆ ಪಂಜಾಬಿ. ಬೇಸಿಕಲಿ ಡಯಲೆಕ್ಟ್ ತಾನೇ?"

"ನಾಳಿ ನಿಮ್ಮಜ್ಜಿ ಇಲ್ಲಿ ಬಂದು ಮಲಗಿದ್ರ ತೆಲುಗಿನೋರನ್ನ ಫೋನ್ ಮ್ಯಾಲ ಕೊಡ್ತೀಯೇನವಾ?"

"ಅಯ್ಯೋ, ಅದು ಹೇಗಾಗತ್ತೆ ಆಂಟಿ? ಕನ್ನಡ ಬೇರೆ ಲ್ಯಾಂಗ್ವೇಜು. ಕ್ಲಾಸಿಕಲ್ ಸ್ಟೇಟಸ್ ಬೇರೆ ಇದೆ."

"ಅಂದ್ರ ಸರ್ಕಾರ ಸರ್ಟಿಫಿಕೇಟ್ ಕೊಟ್ಟಿದ್ದು ಭಾಷಾ, ಕೊಡದಿದ್ದದ್ದು ಬಡಬಡಿಕಿ. ಹೌದಿಲ್ಲೋ?"

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ದನಿ ಇಳಿಸಿ, "ನಂಗೆ ಅರ್ಥ ಆಗತ್ತೆ ಆಂಟಿ. ಬಟ್ ಸಿಸ್ಟಮ್‌ನಲ್ಲಿ ಒಂದ್ಸಲ ಎಂಟರ್ ಆದ್ರೆ ನಾನು ಚೇಂಜ್ ಮಾಡಕ್ಕಾಗಲ್ಲ. ನೀವು ಮೇಲೆ ಬರೀರಿ, ಪ್ಲೀಸ್. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ" ಎಂದಳು. ಹೇಳಿಬಿಟ್ಟಿದ್ದೇನೆ. ಆದರೆ ಅವಳ ಹೆಸರನ್ನು ಬದಲಾಯಿಸಿದ್ದೇನೆ, ಊರನ್ನೂ. ಹುಡುಕುತ್ತ ಕೂರಬೇಡಿ, ನಿಮ್ಮಲ್ಲಿ ಕೆಲಸ ಮಾಡುವ ಅರ್ಧ ಜನ ಹೀಗೆ ದನಿ ಇಳಿಸಿ ಮಾತಾಡುವವರೇ.

ಇನ್ನು ಮಗ. ಮುರೀದ್ ಕೆಟ್ಟವನೆಂದು ಬರೆದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಅವನು ಕೆಟ್ಟವನಲ್ಲ. ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ದಿನವೂ ಕೆಲಸ ಮುಗಿಸಿ ತಾಯಿಯ ಹತ್ತಿರ ಬರುತ್ತಾನೆ, ಪಾದಕ್ಕೆ ಎಣ್ಣೆ ಹಚ್ಚುತ್ತಾನೆ. ಆದರೆ ಅವನಿಗೆ ಸರಾಯ್ಕಿ ಬರುವುದಿಲ್ಲ. ಮನೆಯಲ್ಲಿ ಉರ್ದುವನ್ನೇ ಆಡಬೇಕು, ಇಲ್ಲವಾದರೆ ಮಗನನ್ನು ಪೇಂಡೂ, ಅಂದರೆ ಹಳ್ಳಿಗುಗ್ಗು, ಎನ್ನುತ್ತಾರೆಂದು ಅವನ ಅಪ್ಪನ ಕಟ್ಟಪ್ಪಣೆ. ತಾಯಿ ತನಗೆ ಬಾರದ ಭಾಷೆಯಲ್ಲಿ ಮಗನನ್ನು ಬೆಳೆಸಿದಳು. ಆ ಭಾಷೆಯಲ್ಲಿ ಆಕೆಗೆ ಗೊತ್ತಿದ್ದದ್ದು ಊಟ ಮಾಡು, ಮಲಗು, ಹುಷಾರು. ನಲವತ್ತು ದಾಟಿದ ಮಗನಿಗೆ ತಾಯಿಯೆಂದರೆ ಆ ಮೂರು ಮಾತಿನವಳು. ಆ ಮೂರೂ ಮಾತು ಮುಗಿದ ಮೇಲೆ ಆಕೆ ತನ್ನೊಳಗೆ ತಾನು ಏನೋ ಹೇಳಿಕೊಂಡರೆ, ಅದು ಅವನ ಕಿವಿಗೆ ಗೊಣಗಾಟ. ನೀವು ರೋಗ ಎಂದಾಗ ಅವನು ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಕೇಂದ್ರದ ಪಾರ್ಕಿಂಗಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ.

"ಆಂಟೀಜಿ, ನನಗೇನು ಖುಷೀನಾ? ಡಾಕ್ಟರ್ ಹೇಳಿದ್ರು. ಅಮ್ಮನಿಗೆ ಅಬ್ಬಾನ ಹೆಸರೇ ಮರೆತುಹೋಗಿದೆಯಂತೆ."

"ನೀ ಹುಟ್ಟಿದಾಗಿಂದ ಒಂದ್ಸಲನಾದ್ರೂ ನಿಮ್ಮಮ್ಮ ಆ ಹೆಸರು ಹೇಳಿದ್ದು ಕೇಳೀಯೇನು?"

ಕಾರಿನ ಬಾಗಿಲಿಗೆ ಕೈಯಿಟ್ಟವನು ಹಾಗೇ ನಿಂತ. "ನೆವರ್," ಎಂದ. "ನನ್ನ ಸ್ಕೂಲ್ ಪೇಪರ್ಸ್ ಫಿಲ್ ಮಾಡೋವಾಗ ಕೂಡ ಬೆರಳಿಟ್ಟು ತೋರಿಸ್ತಿದ್ಲು."

"ಮತ್ತ?"

"ಬಟ್ ಆಂಟೀಜಿ, ಒಂಟೆ ಒಂಟೆ ಅಂತ ಒಂದನ್ನೇ ಹೇಳಿದ್ಲಂತೆ."

"ಅವು ಒಂದಲ್ಲಪಾ. ತೋಡಾ ಅಂದ್ರ ಏನು ಗೊತ್ತೇನು ನಿನಗ? ಮಜಾತ್ ಅಂದ್ರ?"

ಅವನಿಗೆ ಗೊತ್ತಿರಲಿಲ್ಲ. ಗದಗಿನ ಕಡೆಯ ಹೆಂಗಸೊಬ್ಬಳು ಅವನಿಗೆ ಅವನ ತಾಯಿಯ ಮಾತಿನ ಅರ್ಥ ಹೇಳುತ್ತಿದ್ದಳು. ಅವನ ಮುಖ ನೋಡಲಾಗಲಿಲ್ಲ. ಕೊನೆಗೆ, "ನಾನು ಯಾರನ್ನ ನಂಬ್ಲಿ ಆಂಟೀಜಿ? ನಿಮ್ಮನ್ನ ನಂಬಿ ಮನೆಗೆ ಕರ್ಕೊಂಡು ಹೋಗ್ತೀನಿ. ಗ್ಯಾಸ್ ಆನ್ ಮಾಡಿ ಮರೆತ್ರೆ? ನಾನು ಕೆಲಸಕ್ಕೆ ಹೋದಾಗ ಮತ್ತೆ ಬಿದ್ರೆ? ಅವರು ಸರಿಯಾಗಿ ಟೆಸ್ಟ್ ಮಾಡಿ ಅವಳು ಸರಿಯಿದ್ದಾಳೆ ಅಂತ ಹೇಳಿದ್ರೆ ಅವತ್ತೇ ಕರ್ಕೊಂಡು ಹೋಗ್ತೀನಿ" ಎಂದ.

ಅವನು ಕೇಳಿದ್ದು ಅಷ್ಟೇ ನಿರ್ದೇಶಕರೇ. ಸರಿಯಾದ ಒಂದು ಪರೀಕ್ಷೆ.

ಆಗ ನಿಮಗೆ ದೂರು ಬರೆದೆ. ನಿಮ್ಮ ಕಚೇರಿ ಬಹಳ ವಿನಯದಿಂದ ಉತ್ತರಿಸಿತು. ಸರಾಯ್ಕಿ ಮತ್ತು ಪಂಜಾಬಿ ಪರಸ್ಪರ ಅರ್ಥವಾಗುವ ಭಾಷೆಗಳೆಂದು ದುಭಾಷಿಗಳನ್ನು ಒದಗಿಸುವ ಕಂಪನಿ ದೃಢಪಡಿಸಿದೆಯಂತೆ. ಪರಸ್ಪರ! ಎಂಥ ಸಮಾನತೆಯ ಪದ! ಭಾಗ್‌ಭರಿಗೆ ಪಂಜಾಬಿ ಸುಮಾರಾಗಿ ಅರ್ಥವಾಗುತ್ತದೆ, ನಿಜ. ಆಳಿಗೆ ಧಣಿಯ ಮಾತು ಅರ್ಥವಾಗಲೇಬೇಕು, ಇಲ್ಲದಿದ್ದರೆ ಹೊಟ್ಟೆಗೆ ಬೀಳುವುದಿಲ್ಲ. ಧಣಿಗೆ ಆಳಿನ ಮಾತು ಅರ್ಥವಾಗಬೇಕಾದ ಗರಜು ಯಾವ ಕಾಲದಲ್ಲಿತ್ತು? ಸಣ್ಣ ಭಾಷೆಯವರ ಕಿವಿ ಯಾವಾಗಲೂ ದೊಡ್ಡದು. ಆ ಕಿವಿಯನ್ನು ತೋರಿಸಿ, ಇವರಿಗೆ ಬಾಯಿ ಬೇಕಿಲ್ಲ ಎನ್ನುತ್ತೀರಿ.

ಸರಿ, ಸರಾಯ್ಕಿ ಬಲ್ಲವರನ್ನು ನಾನೇ ಹುಡುಕಿದೆ. ಜೆರ್ಸಿ ಸಿಟಿಯಲ್ಲಿ ಮುಲ್ತಾನಿನಿಂದ ಬಂದ ಕಾಲೇಜು ಅಧ್ಯಾಪಕರೊಬ್ಬರಿದ್ದಾರೆ. ಕರೆದಾಗ ಬರುತ್ತೇನೆ, ಏನನ್ನೂ ಕೊಡಬೇಡಿ ಎಂದರು. ನಿಮ್ಮ ಕಚೇರಿ ಒಪ್ಪಲಿಲ್ಲ. ಅವರಿಗೆ ಸರಾಯ್ಕಿ ದುಭಾಷಿಯೆಂಬ ಪ್ರಮಾಣಪತ್ರವಿಲ್ಲವಂತೆ. ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಆ ಕಂಪನಿ ಕೊಡುತ್ತದಂತೆ, ಆದರೆ ಅದರ ಪಟ್ಟಿಯಲ್ಲಿರುವ ಭಾಷೆಗಳಿಗೆ ಮಾತ್ರ. ಸರಾಯ್ಕಿ ಯಾಕಿಲ್ಲ? ಪ್ರಮಾಣಪತ್ರ ಪಡೆದ ದುಭಾಷಿಗಳು ಇಲ್ಲದ್ದರಿಂದ. ಇಂಥ ಬುಗುರಿಯನ್ನು ನಮ್ಮೂರಿನ ತಹಸೀಲ್ದಾರ ಕಚೇರಿಯೂ ಆಡಿಸಲಾರದು. ಅಲ್ಲಾದರೆ ಕನಿಷ್ಠ ಮುಖ ನೋಡಿ ಬೈದು ಕಳಿಸುತ್ತಿದ್ದರು.

ಆದರೆ ನೀವು ದಯಾಳುಗಳು. ಎರಡನೆಯ ಪರೀಕ್ಷೆಗೆ ಅಪ್ಪಣೆ ಮಾಡಿದಿರಿ. ಈ ಸಲ ಪಂಜಾಬಿ ಬೇಡ, ಉರ್ದು. ಪಕ್ಕದ ಮನೆಯ ಬೀಗ ತೆರೆಯದಿದ್ದರೆ ಆಚೆ ಮನೆಯ ಕೀಲಿ ತನ್ನಿ ಎಂದ ಹಾಗೆ.

ಹಿಂದಿನ ದಿನ ಆಕೆಯನ್ನು ನೋಡಲು ಹೋಗಿದ್ದೆ. ಕಿಟಕಿಯ ಪಕ್ಕ ಕೂತಿದ್ದಳು. ಆ ಮಹಡಿಯಲ್ಲಿ ಆಕೆಯ ಜೊತೆ ಮಾತಾಡುವವರು ಯಾರೂ ಇಲ್ಲ. ನನ್ನ ಕೈ ಹಿಡಿದು ಕೇಳಿದಳು:

"ಅವರಿಗೆ ಏನ್ ಹೇಳಿದ್ರ ಮನಿಗೆ ಬಿಡ್ತಾರ? ನೀ ಓದಿದಾಕಿ, ನನಗ ಹೇಳಿಕೊಡು."

ನಾನು ಹೇಳಿದೆ. ಒಂಟೆಯನ್ನು ಒಂದೇ ಸಲ ಹೇಳು, ಆಮೇಲೆ ಆಡು, ಕುರಿ, ನಾಯಿ, ಬೆಕ್ಕು ಅನ್ನು. ಆಕೆ ತಲೆಯಾಡಿಸಿದಳು. ಆಮೇಲೆ ಇನ್ನೊಂದನ್ನು ಹೇಳಬೇಕಾಯಿತು. ಗಂಡನ ಹೆಸರು ಕೇಳುತ್ತಾರೆ, ಹೇಳದೆ ಬಿಡುವುದಿಲ್ಲ.

"ಬಾಯಿಬಿಟ್ಟು ಹೇಳಬೇಕೇನು?"

"ಹೂಂ."

"ಮುರೀದ್ ಹೇಳಿದ್ರ ನಡಿಯಂಗಿಲ್ಲ?"

"ಇಲ್ಲ. ನೀನೇ ಹೇಳಬೇಕು."

"ನಿಮ್ಮ ಕಡೆ ಛಲೋ. ಹಾಡಿನಾಗ ಮುಚ್ಚಿ ಹೇಳ್ತೀರಿ," ಎಂದಳು. ನಗಲಿಲ್ಲ.

ಮರುದಿನ ನನ್ನನ್ನು ಒಳಗೆ ಬಿಡಲಿಲ್ಲ, ಮುರೀದ್ ಇದ್ದ. ಅವನು ಹೇಳಿದ್ದನ್ನು ಬರೆಯುತ್ತೇನೆ. ಪ್ರಶ್ನೆ ಬಂತು. ತಾಯಿ ತಲೆಬಟ್ಟೆಯನ್ನು ಮುಖದ ಮೇಲಿಂದ ಸರಿಸಿ, ಗೋಡೆ ನೋಡುತ್ತ, ಗಂಡನ ಹೆಸರು ಹೇಳಿದಳು. ಪೂರ್ತಿ ಹೆಸರು, ಮಾವನ ಹೆಸರಿನ ಸಮೇತ. ಫೋನಿನೊಳಗಿನ ಅಪರಿಚಿತ ಗಂಡಸು ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ನಿಮ್ಮ ಹುಡುಗಿ "ವೆರಿ ಗುಡ್" ಎಂದಳು. ತಾಯಿ ಮುಖ ಮುಚ್ಚಿಕೊಂಡಳು. ಮುಂದಿನ ಪ್ರಶ್ನೆಗೆ ಉತ್ತರವಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕಲಿತಿದ್ದ ಆಡು, ಕುರಿ, ನಾಯಿ, ಬೆಕ್ಕು ಯಾವುದೂ ಹೊರಗೆ ಬರಲಿಲ್ಲ. ಆವತ್ತು ಊಟ ಮಾಡಲಿಲ್ಲ, ಮಗನ ಜೊತೆಯೂ ಮಾತಾಡಲಿಲ್ಲ. ನಿಮ್ಮ ದಾಖಲೆ ಹೇಳುತ್ತದೆ: ಗಂಡನ ಹೆಸರು ನೆನಪಿದೆ, ಭಾವನೆಗಳ ಮೇಲೆ ಹಿಡಿತವಿಲ್ಲ, ಸಹಕರಿಸುವುದಿಲ್ಲ, ಸ್ಥಿತಿ ಹದಗೆಡುತ್ತಿದೆ, ಈಗಿರುವ ವಿಭಾಗದಲ್ಲೇ ಮುಂದುವರಿಸಬಹುದು.

ಒಬ್ಬ ವಿಧವೆ ಜೀವಮಾನವಿಡೀ ಕಾಪಾಡಿಕೊಂಡದ್ದನ್ನು ಮನೆಗೆ ಹೋಗುವ ಆಸೆಗೆ ನಿಮ್ಮ ಮೇಜಿನ ಮೇಲಿಟ್ಟಳು. ನೀವು ಅದನ್ನೂ ತೆಗೆದುಕೊಂಡಿರಿ, ಆಕೆಯನ್ನೂ ಇಟ್ಟುಕೊಂಡಿರಿ. ನಿಮ್ಮ ನಿಯಮಗಳಲ್ಲಿ ಇದಕ್ಕೆ ಏನೋ ಚೆಂದದ ಹೆಸರಿರಬಹುದು. ನಮ್ಮ ಕಡೆ ಇದನ್ನು ಲೂಟಿ ಎನ್ನುತ್ತಾರೆ.

ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಶುಕ್ರವಾರದ ಸಹಿಯನ್ನು ನಿಲ್ಲಿಸಿ. ಮಗನನ್ನು ಕೂರಿಸಿಕೊಂಡು, ನಿಮ್ಮ ತಾಯಿಯ ಭಾಷೆಯಲ್ಲಿ ನಾವು ಇನ್ನೂ ಒಂದು ಪ್ರಶ್ನೆಯನ್ನೂ ಕೇಳಿಲ್ಲ ಎಂಬ ಸತ್ಯವನ್ನು ನಿಮ್ಮ ಬಾಯಿಂದಲೇ ಹೇಳಿ. ಜೆರ್ಸಿ ಸಿಟಿಯ ಆ ಅಧ್ಯಾಪಕರನ್ನೋ ಅವರಂಥ ಇನ್ನೊಬ್ಬರನ್ನೋ ಕರೆಸಿ, ಫೋನಿನೊಳಗಲ್ಲ, ಆಕೆಯ ಎದುರು ಕುರ್ಚಿ ಹಾಕಿ ಕೂರಿಸಿ. ಮೊದಲು ಪರೀಕ್ಷೆ ಬೇಡ. ಊರು ಯಾವುದು, ಮಳೆ ಹೇಗೆ ಎಂದು ಮಾತಾಡಲಿ. ಆಮೇಲೆ ಪರೀಕ್ಷಿಸಿ. ಆಗಲೂ ಆಕೆಗೆ ಮರೆವೆಂದು ಕಂಡುಬಂದರೆ ನಾನು ತಲೆಬಾಗಿ ಒಪ್ಪುತ್ತೇನೆ. ಮುದುಕಿಯರಿಗೆ ಮರೆವು ಬರಬಾರದೆಂದು ನಾನು ಚಳವಳಿ ಹೂಡಿಲ್ಲ. ಮರೆಯದವಳನ್ನು ಮರೆತವಳೆಂದು ಕೂಡಿಹಾಕಬಾರದೆಂದು ಹೂಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಸರಾಯ್ಕಿ ಎಂದು ಸೇರಿಸಿ, ಪಂಜಾಬಿಯ ಕೆಳಗಲ್ಲ, ಪಕ್ಕದಲ್ಲಿ.

ಕಡೆಯದಾಗಿ ಇನ್ನೊಂದು. ಆಕೆಯ ಗಂಡನ ಹೆಸರನ್ನು ಈಗ ನಾನೂ ಬಲ್ಲೆ, ಮುರೀದ್ ಹೇಳಿದ. ಇಷ್ಟು ಉದ್ದದ ಪತ್ರದಲ್ಲಿ ಅದನ್ನು ಎಲ್ಲಿಯೂ ಬರೆದಿಲ್ಲ, ಬರೆಯುವುದೂ ಇಲ್ಲ. ನಿಮ್ಮ ಮುಂದಿನ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಆಕೆಗೆ ಮತ್ತೆ ಕೇಳಕೂಡದು. ಉತ್ತರ ನಿಮಗೆ ಸಿಕ್ಕಾಗಿದೆಯಲ್ಲ, ಇನ್ನೇನು ಬೇಕು?

ಇಂತಿ, ನಾಳೆ ತನಗೂ ವಯಸ್ಸಾದಾಗ ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆಂದು ಈಗಲೇ ಲೆಕ್ಕಹಾಕುತ್ತಿರುವ,
ತಾಯಮ್ಮ
(ನಿಮ್ಮ ಕಂಪ್ಯೂಟರಿಗೆ ತಾಯಮ್ಮ, ಹೆತ್ತವಳ ಬಾಯಲ್ಲಿ ತಾಯವ್ವ)
ಫ್ಲೋರಲ್ ಪಾರ್ಕ್